ದೊಡ್ಡೋರು, ಚಿಕ್ಕೋರು, ಬಿಲ್ ಮೆಷಿನ್ನು

ಜೂನ್ 2, ಸೋಮವಾರ

ಬೆಳಿಗ್ಗೆ ಟವೆಲ್ ಮಡಚುತ್ತಿದ್ದೆ. ಬ್ಯಾಂಕಿನ ಮೇಡಂ ಬಾಗಿಲು ತಳ್ಳಿಕೊಂಡು ಬಂದರು. ನನ್ನ ಕುರ್ಚಿ ಖಾಲಿ, ನಾನೂ ಖಾಲಿ. ಎದ್ದು ನಿಂತು ಏಪ್ರನ್ ಬೇರೆ ಸರಿಮಾಡಿಕೊಂಡೆ. ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು.

"ಚಿಕ್ಕೋರು ಇಲ್ವಾ?"

"ಒಳಗೆ ಒಬ್ಬರಿಗೆ ಹೇರ್ ವಾಶ್ ಮಾಡ್ತಿದಾಳೆ, ಲೇಟಾಗುತ್ತೆ. ಬನ್ನಿ, ನಾನೇ ಮಾಡ್ಕೊಡ್ತೀನಿ."

"ಪರವಾಗಿಲ್ಲ, ಕಾಯ್ತೀನಿ."

ಪರವಾಗಿಲ್ಲ, ಕಾಯ್ತೀನಿ. ಇದಕ್ಕಿಂತ ಕೆಟ್ಟ ಬೈಗುಳ ನನಗೆ ಗೊತ್ತಿಲ್ಲ. ಈ ಪಾರ್ಲರ್ ಹಾಕಿದ್ದು ನಾನು. ಒಂದೇ ಕುರ್ಚಿ, ಒಂದೇ ಕನ್ನಡಿ ಇದ್ದ ಕಾಲ. ತಂಗಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ್ದೂ ನಾನೇ. ಈಗ ಗಿರಾಕಿಗಳ ಬಾಯಲ್ಲಿ ನಾನು ದೊಡ್ಡೋರು, ಅವಳು ಚಿಕ್ಕೋರು. ಗೌರವ ದೊಡ್ಡೋರಿಗೆ, ತಲೆ ಕೊಡುವುದು ಚಿಕ್ಕೋರಿಗೆ.

ಮಧ್ಯಾಹ್ನ ಇನ್ನೊಂದು ರಾದ್ಧಾಂತ. ಇಬ್ಬರಿಗೆ ಒಂದೇ ಟೈಮ್ ಕೊಟ್ಟಿದ್ದೆವು. ಒಬ್ಬರು ಮುಖ ದಪ್ಪ ಮಾಡಿಕೊಂಡು ಹೋದರು. ಇನ್ನೊಬ್ಬರಿಗೆ ಅರ್ಧ ತಲೆಗೆ ಬಣ್ಣ ಹಚ್ಚಿದ ಮೇಲೆ ಟ್ಯೂಬ್ ಮುಗಿದದ್ದು ಗೊತ್ತಾಯಿತು. ಅಮ್ಮ ಓಡಿಹೋಗಿ ತಂದಳು. ಈ ವಯಸ್ಸಿನಲ್ಲಿ.

ಸಂಜೆ ಇವರು ಆಫೀಸಿನಿಂದ ಬಂದು ಎಲ್ಲ ಕೇಳಿ, "ಒಂದು ಪಿಒಎಸ್ ಹಾಕ್ಸೋಣ" ಅಂದರು. ಹಾಗೆಂದರೇನು ಅಂತ ಕೇಳಿದೆ. ಬಿಲ್ ಮೆಷಿನ್, ಆದರೆ ಬರೀ ಬಿಲ್ ಅಲ್ಲ ಅಂದರು. ಮತ್ತೆ ಏನು ಅಂತ ಕೇಳಿದರೆ ಇವರಿಗೂ ಪೂರ್ತಿ ಗೊತ್ತಿಲ್ಲ.

ತಂಗಿಗೆ ಗೊತ್ತಿತ್ತು. ಅಪಾಯಿಂಟ್‌ಮೆಂಟು, ಸ್ಟಾಕು, ಕಾರ್ಡು, ಬಿಲ್ಲು, ಎಲ್ಲ ಒಂದೇ ಕಡೆ ಇರುತ್ತೆ ಭಾವ, ಅಂದಳು. ಅದೂ ಗೊತ್ತಿರಬೇಕಾ ಅವಳಿಗೆ?

ಜೂನ್ 5, ಗುರುವಾರ

ಎರಡು ಕಂಪನಿಯವರು ಬಂದು ತೋರಿಸಿ ಹೋದರು.

ಮೊದಲನೆಯವರು ಹೊಟ್ಟೆ ದೊಡ್ಡವರು, ಮೆಷಿನ್ ಅದಕ್ಕಿಂತ ದೊಡ್ಡದು. ಒಂದೇ ಸಲ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಾಡಿಗೆಯಿಲ್ಲ. ಶಾಂಪೂ ಬಾಟಲಿ ತೋರಿಸಿದರೆ ಬೀಪ್ ಅಂದು ಬಿಲ್ ಬರುತ್ತೆ. "ಹೇರ್ ಕಟ್‌ಗೆ ಎಲ್ಲಿ ತೋರಿಸ್ಬೇಕು? ತಲೇನಾ?" ಅಂದೆ. ಯಾರೂ ನಗಲಿಲ್ಲ. ಅದು ದಿನಸಿ ಅಂಗಡಿಗೆ ಮಾಡಿದ ಮೆಷಿನ್ನು, ನಮ್ಮಂಥವರ ತಲೆಗೂ ಕಟ್ಟುತ್ತಾರೆ.

ಎರಡನೆಯವನು ಹುರುಪಿನವನು. ಮಾತು ಮಾತಿಗೆ "ಡೆಮೊ ತೋರಿಸ್ಲಾ ಮೇಡಂ" ಅನ್ನುತ್ತಿದ್ದ. ಅಮ್ಮ ಅವನಿಗೆ ಡೆಮೊ ಅಂತಲೇ ಹೆಸರಿಟ್ಟಳು. ಅವನದು ಒಂದು ಟ್ಯಾಬ್, ಅಂಗೈ ಅಗಲದ ಪ್ರಿಂಟರ್, ಕಾರ್ಡ್ ಉಜ್ಜುವ ಡಬ್ಬಿ. ತಿಂಗಳು ತಿಂಗಳು ಕಟ್ಟಬೇಕು. ಯಾರು ಯಾವಾಗ ಬರುತ್ತಾರೆ, ಯಾರಿಗೆ ಯಾವ ಬಣ್ಣ, ಎಲ್ಲ ನೆನಪಿಟ್ಟುಕೊಳ್ಳುತ್ತೆ. ಒಂದು ತಿಂಗಳು ಪುಕ್ಕಟೆ ನೋಡಬಹುದು.

ತಂಗಿ ಕೇಳಿದಳು — ನೆಟ್ ಹೋದ್ರೆ ಬಿಲ್ ಆಗುತ್ತಾ? ಆಗುತ್ತೆ, ನೆಟ್ ಬಂದಾಗ ತಾನೇ ಸೇರಿಕೊಳ್ಳುತ್ತೆ ಅಂದ. ನಾಳೆ ನಿಮ್ಮ ಕಂಪನಿ ಬೇಡ ಅಂದ್ರೆ ನಮ್ಮ ಗಿರಾಕಿಗಳ ಫೋನ್ ನಂಬರೆಲ್ಲ ನಮಗೆ ವಾಪಸ್ ಸಿಗುತ್ತಾ? ಡೆಮೊ ಒಂದು ಕ್ಷಣ ತಡವರಿಸಿದ. ಸಿಗುತ್ತೆ ಮೇಡಂ, ಅಂದ. "ಬರೆದು ಕೊಡ್ತೀರಾ?" ಅಂದಳು.

ಇವರ ಮುಖ ನೋಡಬೇಕಿತ್ತು. ನಮ್ಮ ಮಗಳು ಮೊದಲ ಸಲ ನಡೆದಾಗಲೂ ಅಷ್ಟು ಹಿಗ್ಗಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು. "ನೋಡು, ಎಂಥ ಪಾಯಿಂಟ್ ಹಿಡಿದ್ಲು. ನಮಗೆ ಹೊಳೆಯುತ್ತಿತ್ತಾ?"

ನನಗೆ ಹೊಳೆಯುತ್ತಿತ್ತು. ಅವಳು ಮೊದಲು ಕೇಳಿಬಿಟ್ಟಳು.

ಜೂನ್ 6

ಇಲ್ಲ, ಹೊಳೆಯುತ್ತಿರಲಿಲ್ಲ.

ಜೂನ್ 9, ಸೋಮವಾರ

ಎರಡನೆಯ ಪಾರ್ಲರಿಗೆ ಅಂತ ನೋಡಿಟ್ಟಿದ್ದ ಸ್ಟೇಷನ್ ರಸ್ತೆಯ ಮಳಿಗೆ ಸಿಕ್ಕಿತು! ಇವರು ಅಡ್ವಾನ್ಸ್ ಕೊಟ್ಟು ಬಂದರು. ನಾಲ್ಕು ಕುರ್ಚಿ ಹಿಡಿಸುತ್ತೆ. ಮುಂದೆ ಆಳೆತ್ತರದ ಗಾಜು.

ಊಟ ಮಾಡುವಾಗ ಎಲ್ಲರೂ ಇದ್ದೆವು. ಅಲ್ಲಿಗೆ ಯಾರು ಹೋಗುವುದು ಅಂತ ಮಾತು ಬಂತು. ನಾನು ಅಂತ ನಾನು ಅಂದುಕೊಂಡಿದ್ದೆ. ಕೇಳುವುದೇನಿದೆ? ಅಮ್ಮ ತಟ್ಟೆ ನೋಡಿಕೊಂಡು, "ಹೊಸ ಜಾಗ, ಗಿರಾಕಿಗಳು ಹಿಂದೆಯೇ ಬರೋ ಅಂಥವರು ಹೋದ್ರೆ ಒಳ್ಳೇದು" ಅಂದಳು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತಂಗಿ ನೀರು ಕುಡಿದಳು.

ಹೆತ್ತ ತಾಯಿ!

ನಾನೇ ಅಂದೆ, "ಸರಿ, ಮೆಷಿನ್ನೇ ಹೇಳ್ಲಿ. ಯಾರ ಕೈಯಲ್ಲಿ ಜಾಸ್ತಿ ಕೆಲಸ ಆಗುತ್ತೋ ಅವರು ಹೋಗೋಣ." ಡೆಮೊನ ಮೆಷಿನ್ನಿನಲ್ಲಿ ಸ್ಟಾಫ್ ರಿಪೋರ್ಟ್ ಅಂತ ಒಂದಿದೆ. ಪ್ರತಿ ಬಿಲ್ಲಿಗೂ ಕೆಲಸ ಮಾಡಿದವರ ಹೆಸರು ಒತ್ತಬೇಕು. ತಿಂಗಳ ಕೊನೆಗೆ ಯಾರದೆಷ್ಟು ಅಂತ ತೋರಿಸುತ್ತೆ. ತಂಗಿ, "ಅದೆಲ್ಲ ಯಾಕಕ್ಕ, ಅದಿಲ್ದೇ ಇರೋ ಸಣ್ಣ ಪ್ಲಾನ್ ಸಾಕು ನಮಗೆ" ಅಂದಳು.

ಸಾಕಂತೆ. ಗೆಲ್ಲುವವರಿಗೆ ಯಾವಾಗಲೂ ಸಾಕು. ನಾನು ಹಟ ಹಿಡಿದೆ. ರಿಪೋರ್ಟ್ ಇರುವ ಪ್ಲಾನೇ ಆಯಿತು.

ಜೂನ್ 12, ಗುರುವಾರ

ಟ್ರಯಲ್ ಶುರು. ಬೆಳಗಿನಿಂದ ಸರ್ವೀಸುಗಳ ಹೆಸರು ತುಂಬಿಸುವ ಕೆಲಸ. ಹೇರ್ ಕಟ್, ಐಬ್ರೋ, ಫೇಶಿಯಲ್, ಬಣ್ಣ. ಏನು ಬೇಕಾದರೂ ಟೈಪ್ ಮಾಡಿ ಸೇರಿಸಬಹುದು, ಮೆಷಿನ್ ತಕರಾರು ಮಾಡುವುದಿಲ್ಲ ಅಂದ ಡೆಮೊ. ಅಷ್ಟು ಹೇಳಿದ್ದೇ ತಡ, ತಂಗಿ ಟೈಪ್ ಮಾಡಿದಳು: "ಅಮ್ಮನ ಬೈಗುಳ — ಉಚಿತ". ಬಿಲ್ ಕೂಡ ಹೊಡೆದು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಕನ್ನಡಕ ಹಾಕಿಕೊಂಡು ಓದಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.

ನನ್ನ ಮಾತಿಗೆ ಅಮ್ಮ ಹಾಗೆ ನಕ್ಕು ಎಷ್ಟು ಕಾಲವಾಯಿತು... ನಾನೂ ತಮಾಷೆ ಮಾಡುತ್ತೇನೆ. ದಿನಸಿ ಮೆಷಿನ್ನಿನ ದಿನ ತಲೆ ತೋರಿಸಬೇಕಾ ಅಂದೆನಲ್ಲ, ಅದಕ್ಕೇನು ಕಡಿಮೆಯಾಗಿತ್ತು?

ಸ್ಟಾಫ್ ಹೆಸರು ಹಾಕುವಾಗ ಡೆಮೊ ನಮ್ಮ ಹೆಸರು ಕೇಳಿದ. ಗಿರಾಕಿಗಳಿಗೆ ಗೊತ್ತಾಗಲಿ ಅಂತ ತಂಗಿ ದೊಡ್ಡೋರು, ಚಿಕ್ಕೋರು ಅಂತಲೇ ಹಾಕಿಸಿದಳು. ಎರಡು ಗುಂಡಿ. ನನ್ನದು ಹಸಿರು, ಅವಳದು ಕೆಂಪು.

ಜೂನ್ 17

ಚಿಕ್ಕೋರು ಮುಂದೆ. ಬಹಳ ಮುಂದೆ. ರಿಪೋರ್ಟಿನಲ್ಲಿ ಎರಡು ಕಂಬ ಬರುತ್ತವೆ. ಕೆಂಪು ಕಂಬದ ಪಕ್ಕದಲ್ಲಿ ಹಸಿರು ಕಂಬ ಕೂತುಕೊಂಡ ಹಾಗಿದೆ.

ಏನಿದೆ ಅವಳಲ್ಲಿ? ಇವತ್ತಿಡೀ ಗಮನಿಸಿದೆ. ಕತ್ತರಿ ಹಿಡಿಯುವುದು ನನ್ನ ಹಾಗೆಯೇ. ಬಾಚಣಿಗೆ ತಿರುಗಿಸುವುದು ನನ್ನ ಹಾಗೆಯೇ. ಆದರೆ ಕತ್ತರಿಸುವ ಮೊದಲು ಕೂದಲಲ್ಲಿ ಬೆರಳಾಡಿಸಿ ಸುಮ್ಮನೆ ನಿಲ್ಲುತ್ತಾಳೆ, ಏನೋ ಕೇಳಿಸಿಕೊಳ್ಳುವವಳ ಹಾಗೆ. ಗಿರಾಕಿಗಳು ಕಣ್ಣು ಮುಚ್ಚುತ್ತಾರೆ. ಅದನ್ನು ನಾನು ಕಲಿಸಿರಲಿಲ್ಲ.

ಬಂದವರಿಗೆ ನಾನೂ ಹಾಗೆ ಮಾಡಿ ನೋಡಿದೆ. "ಏನು, ಹೇನಿದೆಯಾ?" ಅಂತ ಕೇಳಿದರು.

ಜೂನ್ 24, ಮಂಗಳವಾರ

ರಜೆ. ಮನೆಯಲ್ಲೇ ಫೋನಿನಲ್ಲಿ ರಿಪೋರ್ಟ್ ನೋಡಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಹಸಿರು ಕಂಬ ಮೇಲೆ!

ಶನಿವಾರ, ಭಾನುವಾರ ಕೈಬಿಡುವಿಲ್ಲದೆ ದುಡಿದಿದ್ದೇನೆ ನಿಜ. ಸ್ಟ್ರೈಟನಿಂಗ್ ಒಂದಕ್ಕೇ ಅರ್ಧ ದಿನ ನಿಂತಿದ್ದೆ. ಅದರ ಫಲ. ಬಾಯಿ ಮಾತಲ್ಲಿ ಚಿಕ್ಕೋರು ಚಿಕ್ಕೋರು ಅನ್ನುವುದು ಬೇರೆ, ಮೆಷಿನ್ ಹೇಳುವುದು ಬೇರೆ. ಮೆಷಿನ್ನಿಗೆ ಮುಖ ನೋಡಿ ಮಣೆ ಹಾಕಲು ಬರುವುದಿಲ್ಲ.

ಇವರಿಗೆ ತೋರಿಸಿದೆ. "ಅರೆ!" ಅಂದರು. ಆ "ಅರೆ" ಅಷ್ಟು ಉದ್ದ ಇರಬೇಕಾಗಿರಲಿಲ್ಲ. ಇರಲಿ.

ತಂಗಿಯ ಬಗ್ಗೆ ಪಾಪ ಅನ್ನಿಸುತ್ತಿದೆ. ಅವಳೂ ಎಷ್ಟು ಕಷ್ಟಪಡುತ್ತಾಳೆ. ನಾಳೆ ಅವಳಿಗೊಂದು ಒಳ್ಳೆಯ ಕತ್ತರಿ ಕೊಡಿಸಬೇಕು. ಗೆದ್ದಾಗ ನಾನು ಎಷ್ಟು ಒಳ್ಳೆಯವಳು!

ಜೂನ್ 28, ಶನಿವಾರ. ಮಧ್ಯಾಹ್ನ

ಬರೆದರೆ ಸರಿಹೋದೀತು.

ಬ್ಯಾಂಕಿನ ಮೇಡಂ ಬಂದಿದ್ದರು. ತಂಗಿ ಊಟಕ್ಕೆ ಹೋಗಿದ್ದಳು. ಫೋನ್ ಮುಂದೆ ಹಿಡಿದರು. "ನಿಮ್ಮ ಮೆಷಿನ್ನಿಂದ ಮೆಸೇಜ್ ಬಂದಿದೆ ನೋಡಿ. ದೊಡ್ಡೋರ ಕೆಲಸ ಹೇಗಿತ್ತು, ಸ್ಟಾರ್ ಕೊಡಿ ಅಂತ. ನನ್ನ ತಲೆ ಮುಟ್ಟಿದ್ದು ಚಿಕ್ಕೋರಲ್ವಾ? ಯಾರಿಗೆ ಕೊಡ್ಲಿ?"

ಮೆಷಿನ್ ಹೊಸದು, ತಪ್ಪು ಮಾಡುತ್ತೆ ಅಂದೆ. ನಕ್ಕೆ ಕೂಡ. ಅವರು ಹೋದ ಮೇಲೆ ಡೆಮೊಗೆ ಫೋನ್ ಮಾಡಿದೆ. ಹೆಸರು ಒತ್ತುವುದು ಮರೆತರೆ ಅದು ತಾನಾಗಿಯೇ ದೊಡ್ಡೋರು ಅಂತ ತಗೊಳ್ಳುತ್ತಾ ಅಂತ ಕೇಳಿದೆ. ತಗೊಳ್ಳುತ್ತೆ ಅನ್ನಲಿ ಅಂತ ಎಷ್ಟು ಬೇಡಿಕೊಂಡೆನೋ.

"ಇಲ್ಲ ಮೇಡಂ. ಹೆಸರು ಒತ್ತದೇ ಇದ್ರೆ ಬಿಲ್ಲೇ ಆಗಲ್ಲ. ಯಾರೋ ಒತ್ತಿರಲೇಬೇಕು."

ಒಂದು ವಾರದ ಬಿಲ್ಲುಗಳನ್ನು ತೆಗೆದು ನೋಡಿದೆ. ಟೀಚರ್ ಮತ್ತೆ ಅವರ ಮಗಳ ಹೇರ್ ಕಟ್ — ದೊಡ್ಡೋರು. ಮದುವಣಗಿತ್ತಿಯ ಬಣ್ಣ — ದೊಡ್ಡೋರು. ಇವರ ಯಾರ ತಲೆಯನ್ನೂ ನಾನು ಮುಟ್ಟಿಲ್ಲ. ಅವಳೇ ಮಾಡಿ, ಅವಳೇ ನನ್ನ ಹೆಸರು ಒತ್ತಿದ್ದಾಳೆ.

ಅಂದರೆ ನನ್ನ ಮೇಲೆ ಕನಿಕರ. ನನ್ನ ಹೊಟ್ಟೆಯುರಿ ಅವಳಿಗೆ ಕಂಡಿದೆ, ಪಾಪ ಅಕ್ಕ ಅಂತ ಎತ್ತಿ ಕೊಟ್ಟಿದ್ದಾಳೆ. ಒಳ್ಳೆಯತನದಲ್ಲೂ ಅವಳೇ ಮುಂದೆ ಇರಬೇಕಾ? ಅದೊಂದನ್ನಾದರೂ ನನಗೆ ಬಿಡಬಾರದಿತ್ತಾ?

ಅದೇ ದಿನ. ಸಂಜೆ

ಅಮ್ಮ ಮನೆಗೆ ಹೋದ ಮೇಲೆ ಕೇಳಿದೆ. ಅವಳು ನೆಲದ ಕೂದಲು ಗುಡಿಸುತ್ತಿದ್ದಳು.

"ನನ್ನ ಹೆಸರು ಯಾಕೆ ಒತ್ತಿದೆ?"

"ಯಾವಾಗ?"

"ಏನೂ ಗೊತ್ತಿಲ್ದೋರ ಹಾಗೆ ಆಡ್ಬೇಡ ಕಣೇ."

ಗುಡಿಸುವುದು ನಿಲ್ಲಿಸಲಿಲ್ಲ. "ನಿಂಗೆ ಹೊಸ ಅಂಗಡಿ ಬೇಕಿತ್ತಲ್ಲ. ತಗೋ."

"ಭಿಕ್ಷೆ ಹಾಕ್ತಿದೀಯಾ ನಂಗೆ?"

ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಭಿಕ್ಷೆ ಅಲ್ಲ. ನನಗೋಸ್ಕರಾನೇ ಮಾಡ್ಕೊಂಡಿದ್ದು. ನೀನು ಅಲ್ಲಿಗೆ ಹೋದ್ರೆ ನಾನು ಸ್ವಲ್ಪ ಉಸಿರಾಡ್ತೀನಿ ಅಕ್ಕ."

ನನಗೆ ಅರ್ಥವಾಗಲಿಲ್ಲ. ಅರ್ಥವಾಗದವಳ ಹಾಗೆ ನಿಂತೆ.

"ದಿನಾ ಕತ್ತರಿ ಎತ್ತಿದ ತಕ್ಷಣ ಕನ್ನಡೀಲಿ ನೀನು ಕಾಣ್ತೀಯ. ಹಿಂದೆ ನಿಂತು ಟವೆಲ್ ಮಡಚ್ತಾ ಇರ್ತೀಯ, ಮಡಚಿರೋದನ್ನೇ ಮತ್ತೆ ಮಡಚ್ತೀಯ. ಗಿರಾಕಿ ನಕ್ರೆ ನಿನ್ನ ಮುಖ ಬಿಗಿಯುತ್ತೆ. ಥ್ಯಾಂಕ್ಸ್ ಅಂದ್ರೆ ಒಳಗೆ ಹೋಗಿ ನಲ್ಲಿ ಬಿಡ್ತೀಯ. ನಂಗೆ ಕೈ ನಡುಗುತ್ತೆ. ಕನ್ನಡಿ ನೋಡ್ದೆ ಕಟಿಂಗ್ ಮಾಡೋಕಾಗುತ್ತಾ, ಹೇಳು?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಅಕ್ಕನಾಗಿಬಿಡುತ್ತಿದ್ದೆ, ಅದು ನನಗೆ ಸಲೀಸು. ಪೊರಕೆ ತಗೊಂಡು ಮತ್ತೆ ಗುಡಿಸತೊಡಗಿದಳು.

ನೋಡಿದರೆ ನನ್ನ ಕೈಯಲ್ಲಿ ಟವೆಲ್ ಇತ್ತು. ಮಡಚುತ್ತಿದ್ದೆ. ಕೆಳಗಿಟ್ಟೆ.

ಜುಲೈ 3

ಮಾತಿಲ್ಲ. "ಆ ಕ್ಲಿಪ್ ಕೊಡು." "ತಗೋ." ಅಷ್ಟೇ.

ಜುಲೈ 7, ಸೋಮವಾರ

ಇವರು ರಿಪೋರ್ಟ್ ನೋಡಿ, ನೀನೇ ಹೋಗು ಅಂದರು. ಅಮ್ಮನೂ ತಲೆಯಾಡಿಸಿದಳು, ಆಶ್ಚರ್ಯವನ್ನು ಮುಚ್ಚಿಕೊಂಡು.

ನಿಜ ಹೇಳಿದರೆ ಅಂಗಡಿ ಅವಳಿಗೆ ಹೋಗುತ್ತೆ. ಹೇಳದಿದ್ದರೆ ಅವಳ ಆಸೆ ನೆರವೇರುತ್ತೆ. ಹೇಗೆ ನೋಡಿದರೂ ಗೆಲ್ಲುವುದು ಅವಳೇ. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬೀಗದ ಕೈಯೂ ಸಿಕ್ಕಿತು, ಹೊಸ ಅಂಗಡಿಯದು.

ಡೆಮೊ ಬಂದ, ಯಾವ ಪ್ಲಾನ್ ಅಂತ ಮುಗಿಸಿಕೊಳ್ಳಲು. ಎರಡು ಅಂಗಡಿಗೆ ಬೇರೆ ಬೇರೆ ತಗೊಂಡರೆ ಅಗ್ಗ. ಒಂದಕ್ಕೊಂದು ಸೇರಿಸಿದ ಪ್ಲಾನ್ ದುಬಾರಿ. "ಅದ್ರಲ್ಲಿ ಏನು ಅನುಕೂಲ ಅಂದ್ರೆ ಮೇಡಂ, ಅಲ್ಲಿ ಬಿಲ್ ಆದ ಕೂಡ್ಲೇ ಇಲ್ಲಿ ನಿಮ್ಮ ಫೋನಲ್ಲಿ ಟಿಂಗ್ ಅನ್ನುತ್ತೆ. ಯಾರು ಬಂದ್ರು, ಏನು ಮಾಡಿಸ್ಕೊಂಡ್ರು, ಎಲ್ಲ ಕಾಣುತ್ತೆ."

"ಅಷ್ಟೆಲ್ಲ ಬೇಕಾ?" ಅಂದರು ಇವರು.

"ಸ್ಟಾಕಿಗೆ ಅನುಕೂಲ" ಅಂದೆ. ನನ್ನ ದನಿ ಎಷ್ಟು ಸಹಜವಾಗಿತ್ತು! ತಂಗಿ ಆಗ ಒಳಗೆ ಒಬ್ಬರ ತಲೆ ತೊಳೆಯುತ್ತಿದ್ದಳು. ನೀರಿನ ಸದ್ದು. ಕೇಳಿಸಿರಲಿಕ್ಕಿಲ್ಲ.

ಸಹಿ ಮಾಡಿದೆ.

ಜುಲೈ 16

ಹೊಸ ಅಂಗಡಿ ಶುರುವಾಗಿ ಮೂರನೆಯ ದಿನ. ನಾಲ್ಕು ಕುರ್ಚಿ, ನಾಲ್ಕು ಕನ್ನಡಿ, ನಾನೊಬ್ಬಳು. ಎತ್ತ ತಿರುಗಿದರೂ ನಾನೇ ಕಾಣುತ್ತೇನೆ. ರಸ್ತೆಯವರು ಗಾಜಿನಲ್ಲಿ ತಮ್ಮ ತಲೆ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ.

ಫೋನ್ ನೋಡಬಾರದು ಅಂತ ತೀರ್ಮಾನ ಮಾಡಿದ್ದೇನೆ. ಸಂಜೆ ಒಂದು ಸಲ, ಸ್ಟಾಕಿಗೆ ಮಾತ್ರ.

ಟಿಂಗ್.

ಅದು ಟೀಚರ್. ಐಬ್ರೋ.

ಜುಲೈ 19, ಶನಿವಾರ

ಎಂಥ ದಡ್ಡಿ ನಾನು.

ಟಿಂಗ್ ಅಂತು. ಬ್ಯಾಂಕಿನ ಮೇಡಂ, ಬಣ್ಣ, ಚಿಕ್ಕೋರು. ಕೆಳಗೆ ಡಿಸ್ಕೌಂಟ್ ಅಂತ ಇತ್ತು. ಮೈಯೆಲ್ಲ ಉರಿದುಹೋಯಿತು. ಎಷ್ಟು ವರ್ಷದಿಂದ ಅವರಿಗೆ ಬಿಡಿಗಾಸು ಬಿಟ್ಟವಳಲ್ಲ ನಾನು. ಆ ಕ್ಷಣವೇ ಫೋನ್ ಮಾಡಿದೆ.

"ಅವರಿಗ್ಯಾಕೆ ಡಿಸ್ಕೌಂಟ್ ಕೊಟ್ಟೆ? ಇಲ್ಲೇನು ಧರ್ಮಛತ್ರ ನಡೆಸ್ತಿದೀವಾ?"

ಆ ಕಡೆ ಹೇರ್ ಡ್ರೈಯರ್ ಆರಿಸಿದ ಸದ್ದು.

"ಅಕ್ಕ, ಅವರಿನ್ನೂ ಇಲ್ಲೇ ನಿಂತು ಕಾರ್ಡ್ ಪರ್ಸಿಗೆ ಹಾಕ್ಕೊಳ್ತಿದಾರೆ. ನಿಂಗೆ ಹೇಗೆ ಗೊತ್ತಾಯ್ತು?"

ಏನು ಹೇಳಲಿ? ಗಾಳಿ ಹೇಳಿತು ಅನ್ನಲಾ? ಸ್ಟಾಕು, ಪ್ಲಾನು, ಡೆಮೊ ಅಂತ ಏನೇನೋ ತೊದಲಿದೆ.

"ಓಹೋ" ಅಂದಳು. ಒಂದೇ ಒಂದು ಓಹೋ. ಇಟ್ಟುಬಿಟ್ಟಳು.

ಜುಲೈ 20, ಭಾನುವಾರ. ಹನ್ನೊಂದೂವರೆ

ಇಬ್ಬರು ಬಂದು ಹೋದರು. ಒಬ್ಬರು ಬೆಲೆ ಕೇಳಲು. ಒಬ್ಬರಿಗೆ ಹೇರ್ ಕಟ್. ಅವರು ಕತ್ತು ತಿರುಗಿಸಿ ಕನ್ನಡಿ ನೋಡಿಕೊಂಡು, "ಚೆನ್ನಾಗಿದೆ, ಮುಂದಿನ ಸಲ ಇಲ್ಲಿಗೇ ಬರ್ತೀನಿ" ಅಂದರು. ಯಾರನ್ನೂ ಕೇಳದೆ ನೇರ ನನ್ನ ಕುರ್ಚಿಯಲ್ಲೇ ಕೂತವರು. ಖುಷಿಯಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹಿಂದೆ ತಿರುಗಿದೆ, ಅಭ್ಯಾಸ. ಖಾಲಿ ಕುರ್ಚಿ.

ಅಲ್ಲಿಂದ ಬೆಳಗಿನಿಂದ ಟಿಂಗ್ ಟಿಂಗ್ ಟಿಂಗ್. ಚಿಕ್ಕೋರು, ಚಿಕ್ಕೋರು, ಚಿಕ್ಕೋರು. ನಾನಿಲ್ಲದ ಮೇಲೆ ಕೈ ನಡುಗುತ್ತಿಲ್ಲ ಅಂತ ಕಾಣುತ್ತೆ. ಚೆನ್ನಾಗಿ ಉಸಿರಾಡುತ್ತಿದ್ದಾಳೆ.

ಹೊಟ್ಟೆಯುರಿ ಇನ್ನೂ ಹಾಗೇ ಇದೆ. ದೂರ ಹೋದರೆ ಕಡಿಮೆಯಾಗುತ್ತೆ ಅಂದುಕೊಂಡಿದ್ದೆ. ಇದಕ್ಕೆ ಬಸ್ ಹತ್ತಿ ಬರಲೂ ಗೊತ್ತಿದೆ.

ಎರಡು ಗಂಟೆ

ಟಿಂಗ್ ನಿಂತಿದೆ. ಬಹಳ ಹೊತ್ತಾಯಿತು. ಭಾನುವಾರ ಹೀಗಾಗುವುದಿಲ್ಲ. ಕರೆಂಟ್ ಹೋಯಿತಾ? ನೆಟ್ ಇಲ್ಲವಾ? ಅಮ್ಮನಿಗೆ ಏನಾದರೂ... ಫೋನ್ ಮಾಡಲಾ? ನಿನ್ನೆ ಆದ ಮೇಲೆ ಯಾವ ಮುಖ ಇಟ್ಟುಕೊಂಡು ಮಾಡುವುದು.

ಬೇಕೆಂದೇ ಬಿಲ್ ಹೊಡೆಯುತ್ತಿಲ್ಲವೇನೋ. ನಾನು ನೋಡುತ್ತೇನೆ ಅಂತ. ಡೆಮೊಗೆ ಹೇಳಿ ಆ ಟಿಂಗ್ ತೆಗೆಸಿಬಿಡಬೇಕು. ನಾಳೆ ಹೇಳುತ್ತೇನೆ. ಇವತ್ತೇ ಹೇಳಬೇಕು, ನಾಳೆಗೆ ಮನಸ್ಸು ಬದಲಾಗುತ್ತೆ. ನನ್ನನ್ನು ನಾನು ಬಲ್ಲೆ.

ಎರಡೂವರೆ

ಟಿಂಗ್.

ತೆಗೆದು ನೋಡಿದೆ. ಬೆಲೆ: ಸೊನ್ನೆ. ಸ್ಟಾಫ್: ಚಿಕ್ಕೋರು. ಗ್ರಾಹಕರು: ಅಕ್ಕ. ಸರ್ವೀಸ್: "ಊಟ ಆಯ್ತಾ?"

ನಗು ಬಂತು, ಆಮೇಲೆ ಸಿಟ್ಟು. ಇದೂ ಅವಳಿಗೇ ಹೊಳೆಯಬೇಕಾ ಮೊದಲು? ನಾಲ್ಕು ಕನ್ನಡಿಯಲ್ಲೂ ಒಬ್ಬಳು ಹೆಂಗಸು ಫೋನ್ ಹಿಡಿದು ಮೂಗು ಒರೆಸಿಕೊಳ್ಳುತ್ತಿದ್ದಳು.

ಊಟ ಆಗಿಲ್ಲ. ಡಬ್ಬಿ ತೆರೆದೇ ಇಲ್ಲ.

ಟ್ಯಾಬ್ ಎಳೆದುಕೊಂಡೆ. ಹೊಸ ಸರ್ವೀಸ್ ಸೇರಿಸುವುದು ಎಲ್ಲಿತ್ತು... ಮೇಲೆ, ಪ್ಲಸ್ ಗುರುತು. ಹಸಿರು ಗುಂಡಿ ಒತ್ತಿದೆ. ದೊಡ್ಡೋರು. ಗ್ರಾಹಕರು: ತಂಗಿ. ಬೆಲೆ: ಸೊನ್ನೆ. ಸರ್ವೀಸ್ —